ಜೀನಿನ ಬಾರು ಹೊಲಿಯಲು ಮಷಿನ್ ಬೇಕಾ, ಕೈಹೊಲಿಗೆ ಸಾಕಾ?

ಲಾಯದ ಅಂಗಳ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹೊರಗೆ ಒಂದು ಚಿಕ್ಕ ಲಾಯ ನಡೆಸುತ್ತಿದ್ದೇನೆ. ನಾಲ್ಕು ಕುದುರೆ ಇವೆ. ಭಾನುವಾರ ಮಕ್ಕಳು ಸವಾರಿ ಕಲಿಯಲು ಬರುತ್ತಾರೆ. ಹೋದ ತಿಂಗಳು ಒಬ್ಬಳು ಹುಡುಗಿ ಟ್ರಾಟ್‌ನಲ್ಲಿ, ಅಂದರೆ ಕುದುರೆಯ ಹಗುರ ಓಟದಲ್ಲಿ, ಹೋಗುತ್ತಿದ್ದಾಗ ಜೀನು ಒಮ್ಮೆಲೇ ಪಕ್ಕಕ್ಕೆ ವಾಲಿತು. ಅವಳು ಬಿದ್ದಳು. ಹೆಲ್ಮೆಟ್ ಇತ್ತು, ಮಣಿಕಟ್ಟು ಉಳುಕಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮರುದಿನ ಜೀನು ಬಿಚ್ಚಿ ನೋಡಿದೆ. ಹೊಟ್ಟೆಪಟ್ಟಿಯ ಬಕಲ್ ಸಿಕ್ಕಿಸುವ ಬಾರು ಇರುತ್ತಲ್ಲ, ಅದರ ಬುಡದ ಹೊಲಿಗೆ ಕಿತ್ತುಬಂದಿತ್ತು. ಆರು ತಿಂಗಳ ಹಿಂದೆ ಒಂದು ಅಂಗಡಿಯಲ್ಲಿ ಅದನ್ನು ಮಷಿನ್ ಹಾಕಿಸಿದ್ದೆ. ಹಳೇ ತೂತು ಬಿಟ್ಟು, ಅವುಗಳ ಮಧ್ಯೆ ಮಧ್ಯೆ ಹೊಸ ತೂತು ಬಿದ್ದಿವೆ. ಅಂಚೆಚೀಟಿ ಹರಿದ ಹಾಗೆ ಚರ್ಮ ಸಾಲಾಗಿ ಹರಿದಿದೆ. ದಾರ ಮಾತ್ರ ಗಟ್ಟಿಯಾಗಿಯೇ ಇದೆ!

ಇನ್ನು ಮೇಲೆ ನಾನೇ ಕಲಿತು ಹೊಲಿಯಬೇಕು ಅಂತ ತೀರ್ಮಾನ ಮಾಡಿದ್ದೇನೆ. ಮನೆಯ ಹೊಲಿಗೆ ಮಷಿನ್‌ನಲ್ಲಿ ತುಂಡು ಚರ್ಮ ಇಟ್ಟು ನೋಡಿದೆ, ಎರಡು ಸೂಜಿ ಮುರಿದವು. ದೊಡ್ಡ ಮಷಿನ್ ತಗೊಳ್ಳಲಾ? ಕೈಯಲ್ಲೇ ಆಗುತ್ತಾ? ಏನೇನು ಸಾಮಾನು ಬೇಕು?

ಮೈಸೂರು ಜೀನು

ಅಮ್ಮಾ, ಮೊದಲು ಒಂದು ಹೇಳಿ. ಆ ಬಾರುಗಳು ಒಂದೊಂದು ಬದಿಗೆ ಮೂರು ಇರುತ್ತವೆ. ನೀವು ಪಟ್ಟಿಯನ್ನು ಯಾವ ಎರಡಕ್ಕೆ ಹಾಕಿದ್ದಿರಿ?

ಲಾಯದ ಅಂಗಳ

ಹಿಂದಿನ ಎರಡಕ್ಕೆ ಸರ್. ಆ ಕುದುರೆಗೆ ಹಾಗೆ ಹಾಕಿದರೆ ಜೀನು ಚೆನ್ನಾಗಿ ಕೂರುತ್ತೆ ಅನ್ನಿಸಿತ್ತು.

ಮೈಸೂರು ಜೀನು

ಅಲ್ಲೇ ಇದೆ ನೋಡಿ. ಹೊಲಿಗೆ ಬಿಟ್ಟಿದ್ದು ಒಂದು ತಪ್ಪು, ಇದು ಇನ್ನೊಂದು. ಜೀನಿನ ಒಳಗೆ, ಮರದ ಚೌಕಟ್ಟಿನ ಮೇಲೆ ಎರಡು ನಾರುಪಟ್ಟಿ ಅಡ್ಡ ಹಾಯ್ದಿರುತ್ತವೆ. ಮೊದಲನೇ ಬಾರು, ಅಂದರೆ ಎಲ್ಲಕ್ಕಿಂತ ಮುಂದಿನದು, ಒಂದು ನಾರುಪಟ್ಟಿಗೆ ಹೊಲಿದಿರುತ್ತದೆ. ಎರಡನೆಯದು, ಮೂರನೆಯದು ಎರಡೂ ಸೇರಿ ಇನ್ನೊಂದಕ್ಕೆ. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯಲಿ ಅಂತಲೇ ಹಾಗೆ ಮಾಡಿರುವುದು. ಸಾಮಾನ್ಯ ಜೀನಿಗೆ ಪಟ್ಟಿ ಹಾಕುವಾಗ ಮೊದಲನೇ ಬಾರು ಇರಲೇಬೇಕು. ಒಂದು-ಎರಡು ಹಾಕಿ, ಇಲ್ಲ ಒಂದು-ಮೂರು ಹಾಕಿ. ಎರಡು-ಮೂರು ಮಾತ್ರ ಹಾಕಬೇಡಿ. ಹಾಕಿದರೆ ಸವಾರನ ಜೀವ ಒಂದೇ ನಾರುಪಟ್ಟಿಯ ಮೇಲೆ ನಿಂತ ಹಾಗೆ.

ನಾನು ಮೂವತ್ತು ವರ್ಷಕ್ಕಿಂತ ಜಾಸ್ತಿ ಇದೇ ಕೆಲಸ ಮಾಡಿದ್ದೇನೆ. ರೇಸ್ ಕುದುರೆಯ ಜೀನು, ಸವಾರಿ ಶಾಲೆಯ ಜೀನು, ಜಟಕಾ ಗಾಡಿಯ ಸಾಮಾನು ಎಲ್ಲ ಕೈಯಲ್ಲಿ ಹಾಯ್ದಿವೆ. ಬಿಚ್ಚಿ ನೋಡದೆ ಮೇಲಿನ ಹೊಲಿಗೆ ನೋಡಿ ನಂಬುವುದನ್ನು ಮೊದಲು ಬಿಡಿ. ಇನ್ನೊಂದು ಕೆಲಸ ಇವತ್ತೇ ಮಾಡಿ. ಜೀನಿನ ಮುಂದಿನ ಏರನ್ನು ಹೊಟ್ಟೆಗೆ ಒತ್ತಿಕೊಂಡು, ಹಿಂದಿನ ಏರನ್ನು ಎರಡೂ ಕೈಯಲ್ಲಿ ನಿಮ್ಮ ಕಡೆಗೆ ಎಳೆಯಿರಿ. ಸ್ವಲ್ಪ ಸ್ಪ್ರಿಂಗ್ ತರಹ ಬಂದರೆ ಸರಿ. ನಡುವೆ ಮಡಚಿದರೆ, ಕಿರುಗುಟ್ಟಿದರೆ ಚೌಕಟ್ಟು ಮುರಿದಿದೆ ಅಂತ ಅನುಮಾನ ಪಡಿ. ಆಮೇಲೆ ಎಂಥ ಹೊಲಿಗೆ ಹಾಕಿದರೂ ಪ್ರಯೋಜನ ಇಲ್ಲ.

ಮಷಿನ್ ಎಣ್ಣೆ

ಮೇಡಂ, ಸೂಜಿ ಯಾಕೆ ಮುರಿಯಿತು ಅಂತ ಹೇಳುತ್ತೇನೆ. ಮನೆ ಮಷಿನ್‌ನಲ್ಲಿ ಬಟ್ಟೆಯನ್ನು ಕೆಳಗಿನ ಹಲ್ಲು ಮಾತ್ರ ಎಳೆಯುತ್ತದೆ. ಚರ್ಮ ದಪ್ಪ ಇದ್ದಾಗ ಕೆಳಗಿನ ಪದರ ಮುಂದೆ ಹೋಗುತ್ತದೆ, ಮೇಲಿನದು ಅಲ್ಲೇ ನಿಲ್ಲುತ್ತದೆ. ಸೂಜಿ ಬಾಗಿ ಪ್ಲೇಟಿಗೆ ಬಡಿಯುತ್ತದೆ. ಚರ್ಮಕ್ಕೆ ಬೇಕಾದದ್ದು ಸೂಜಿ, ಒಳಪಾದ, ಕೆಳಗಿನ ಹಲ್ಲು ಮೂರೂ ಒಟ್ಟಿಗೆ ನಡೆಯುವ ಮಷಿನ್. ವಾಕಿಂಗ್ ಫುಟ್ ಅಂತ ಕೇಳಿದರೆ ಅಂಗಡಿಯವರಿಗೆ ಗೊತ್ತಾಗುತ್ತದೆ.

ಅದರಲ್ಲೂ ಚಪ್ಪಟೆ ಮೇಜಿನದು ಬೇಡ, ಕೊಳವೆ ತೋಳಿನದು ನೋಡಿ. ಜೀನು, ಬ್ಯಾಗು ಎಲ್ಲ ತಿರುಗಿಸಿ ಇಡಬಹುದು. ಜೂಕಿ 441 ಮತ್ತು ಅದನ್ನೇ ನೋಡಿ ಮಾಡಿದ ಬೇರೆ ಕಂಪನಿಗಳ ಮಷಿನ್‌ಗಳು ಜೀನಿನ ಕೆಲಸಕ್ಕೆ ಹೆಸರಾದವು. ಸುಮಾರು 20 ಮಿ.ಮೀ. ದಪ್ಪ ಕೂಡ ಹೊಲಿಯುತ್ತವೆ. ಮೋಟರ್ ಸರ್ವೋ ಇರಲಿ, ಕಾಲು ಒತ್ತಿದಷ್ಟೇ ನಿಧಾನಕ್ಕೆ ಓಡುವಂಥದ್ದು. ಹಳೇ ಕ್ಲಚ್ ಮೋಟರ್ ಕಾಲಿಟ್ಟ ತಕ್ಷಣ ಓಡುತ್ತದೆ, ಚರ್ಮದಲ್ಲಿ ತಪ್ಪಿದ ತೂತು ಮತ್ತೆ ಮುಚ್ಚಲ್ಲ. 138 ನಂಬರಿನ ಬಾಂಡೆಡ್ ನೈಲಾನ್ ದಾರಕ್ಕೆ 22 ಅಥವಾ 23ರ ಸೂಜಿ ಬೇಕು.

ಚಪ್ಪಲಿ ರಿಪೇರಿ ಅಂಗಡಿಯಲ್ಲಿ ಕೈಚಕ್ರದ ಮಷಿನ್ ನೋಡಿರುತ್ತೀರಿ, ಸಿಂಗರ್ 29ಕೆ ಮಾದರಿಯದು. ಪಾದ ಯಾವ ದಿಕ್ಕಿಗೆ ಬೇಕಾದರೂ ತಿರುಗುತ್ತದೆ, ಬೂಟಿನ ಒಳಗೂ ಹೋಗುತ್ತದೆ. ಬಹಳ ಉಪಯೋಗದ ಮಷಿನ್. ಆದರೆ ಬಾಬಿನ್ ಚಿಕ್ಕದು, ದಪ್ಪ ದಾರ ತಡೆಯಲ್ಲ. ನಿಮ್ಮ ಬಾರಿಗೆ ಯಾರೋ ಅದರಲ್ಲೇ ಹಾಕಿರಬೇಕು.

ಮೈಸೂರು ಜೀನು

ಮಷಿನ್ ವಿಷಯ ಸರಿಯಾಗಿ ಹೇಳಿದ್ದೀರಿ. ಆದರೆ ಬಾರಿನ ಬುಡ, ರಿಕಾಬಿನ (ಸವಾರ ಕಾಲಿಡುವ ಬಳೆಯ) ಬಾರು, ಲಗಾಮಿನ ತುದಿ, ಈ ಮೂರು ಕಡೆ ನಾನು ಮಷಿನ್ ಮುಟ್ಟಿಸಲ್ಲ. ಕಾರಣ ಹೇಳುತ್ತೇನೆ. ಮಷಿನ್‌ನಲ್ಲಿ ಮೇಲಿನ ದಾರ ಮೇಲೇ, ಕೆಳಗಿನದು ಕೆಳಗೇ ಇರುತ್ತದೆ. ಎರಡೂ ಚರ್ಮದ ನಡುವೆ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡಿರುತ್ತವೆ ಅಷ್ಟೇ. ಒಂದು ಕಡೆ ಸವೆದು ಕಡಿದರೆ ಅಕ್ಕಪಕ್ಕದ್ದು ಸಡಿಲ ಆಗುತ್ತಾ ಹೋಗುತ್ತದೆ. ಕೈಹೊಲಿಗೆಯಲ್ಲಿ ಒಂದೇ ದಾರ, ಎರಡು ತುದಿಗೆ ಎರಡು ಸೂಜಿ. ಪ್ರತಿ ತೂತಿನಲ್ಲೂ ಎರಡೂ ಹಾಯ್ದು ಆಚೆಗೆ ಬರುತ್ತವೆ. ಒಂದು ಹೊಲಿಗೆ ಕಡಿದರೂ ಆ ಜಾಗದಲ್ಲಿ ಇನ್ನೊಂದು ಎಳೆ ಹಿಡಿದಿರುತ್ತದೆ.

ಮಷಿನ್ ಎಣ್ಣೆ

ಸರ್, ಗೌರವದಿಂದಲೇ ಹೇಳುತ್ತೇನೆ. ಕಾರಿನ ಸೀಟ್ ಬೆಲ್ಟ್ ಪೂರ್ತಿ ಮಷಿನ್ ಹೊಲಿಗೆ. ಅದರ ಮೇಲೆ ಜೀವ ನಿಂತಿಲ್ಲವಾ?

ಮೈಸೂರು ಜೀನು

ಒಳ್ಳೇ ಪ್ರಶ್ನೆ. ಸೀಟ್ ಬೆಲ್ಟ್ ನೇಯ್ದದ್ದು. ಸೂಜಿ ಎಳೆಗಳನ್ನು ಸರಿಸಿ ಒಳಗೆ ಹೋಗುತ್ತದೆ. ಚರ್ಮದಲ್ಲಿ ಸರಿಸಲು ಎಳೆ ಇಲ್ಲ, ಮಷಿನ್ ಸೂಜಿ ಕೊಯ್ದುಕೊಂಡೇ ಹೋಗಬೇಕು. ಹತ್ತಿರ ಹತ್ತಿರ ಕೊಯ್ದರೆ ಏನಾಗುತ್ತದೆ ಅಂತ ಅಮ್ಮನವರ ಬಾರೇ ತೋರಿಸಿದೆ. ಬ್ಯಾಗು, ಚೀಲ, ಬೂಟಿನ ಮೇಲ್ಭಾಗ ಎಲ್ಲ ಧಾರಾಳವಾಗಿ ಮಷಿನ್ ಹಾಕಲಿ. ನನ್ನ ತಕರಾರು ಆ ಮೂರು ಜಾಗಕ್ಕೆ ಮಾತ್ರ.

ಮಷಿನ್ ಎಣ್ಣೆ

ಒಪ್ಪಿದೆ ಸರ್. ನೇಯ್ಗೆಯ ವಿಷಯ ನಾನು ಯೋಚಿಸಿರಲಿಲ್ಲ.

ಹೊಸ ಕೈ

ನಾನು ಶಿವಮೊಗ್ಗ. ಎರಡು ವರ್ಷದಿಂದ ಪರ್ಸು, ಬೆಲ್ಟು ಮಾಡುತ್ತಿದ್ದೇನೆ. ಮೇಡಂ, ಹೆದರಬೇಡಿ. ಫೋರ್ಕ್ ತರಹ ಹಲ್ಲಿರುವ ಉಳಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಸುತ್ತಿಗೆಯಲ್ಲಿ ಬಡಿದರೆ ಒಂದೇ ಸಲಕ್ಕೆ ಆರು ತೂತು. ಆಮೇಲೆ ಸೂಜಿ ಹಾಯಿಸುವುದಷ್ಟೇ.

ವಾಲ್ಸಾಲ್ ದಾರಿ

ಪರ್ಸಿಗೆ ಅದು ಸಾಕು. ಜೀನಿಗೆ ಬೇಡ ಅನ್ನುತ್ತೇನೆ.

ನಾನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೇನೆ, ಊರು ಹಾಸನ. ಇಲ್ಲಿಂದ ವಾಲ್ಸಾಲ್ ತುಂಬಾ ಹತ್ತಿರ. ಇಂಗ್ಲೆಂಡಿನ ಜೀನಿನ ಕೆಲಸಕ್ಕೆ ಹೆಸರಾದ ಊರು ಅದು. ಅಲ್ಲಿಯ ಫುಟ್‌ಬಾಲ್ ತಂಡಕ್ಕೆ ಜನ ಇಟ್ಟಿರುವ ಅಡ್ಡಹೆಸರೇ ‘ಸ್ಯಾಡ್ಲರ್ಸ್’, ಅಂದರೆ ಜೀನುಗಾರರು. ಚರ್ಮದ ಕೆಲಸಕ್ಕೆ ಅಂತಲೇ ಒಂದು ಮ್ಯೂಸಿಯಂ ಇದೆ. ಸುತ್ತಮುತ್ತ ಕಬ್ಬಿಣ ಇದ್ದದ್ದರಿಂದ ಮೊದಲು ಕಡಿವಾಣ, ರಿಕಾಬು, ಬಕಲ್ ಮಾಡುವವರು ನೆಲೆ ನಿಂತರು, ಅವರ ಜೊತೆಗೆ ಜೀನಿನವರೂ ಬೆಳೆದರು. ನಾನು ಐಟಿ ಕೆಲಸದವನು, ರಜಾದಿನಗಳಲ್ಲಿ ಹೋಗಿ ಒಬ್ಬ ಹಿರಿಯರ ಹತ್ತಿರ ಕೈಹೊಲಿಗೆ ಕಲಿತೆ.

ಅವರು ಮೊದಲ ದಿನ ಹೇಳಿದ್ದು ಇದು. ಹಲ್ಲಿನ ಉಳಿ ಇರುವುದು ಗುರುತು ಹಾಕಲು ಮಾತ್ರ. ಮೇಲ್ಮೈ ಮೇಲೆ ಓರೆ ಓರೆ ಗೆರೆ ಬಿದ್ದರೆ ಸಾಕು. ತೂತು ಮಾಡುವುದು ಕೈಯುಳಿ. ಅದರ ಅಲಗು ವಜ್ರದ ಆಕಾರ, ಅಂದರೆ ಇಸ್ಪೀಟಿನ ಡೈಮಂಡ್ ತರಹ ಇರುತ್ತದೆ. ಅದು ಚರ್ಮದಲ್ಲಿ ಚಿಕ್ಕ ಸೀಳು ಮಾಡುತ್ತದೆ. ದಾರ ಹಾಯ್ದ ಮೇಲೆ ಆ ಸೀಳು ದಾರವನ್ನು ಅಪ್ಪಿಕೊಂಡು ಮುಚ್ಚಿಕೊಳ್ಳುತ್ತದೆ. ಬಡಿದು ತೆಗೆದ ದೊಡ್ಡ ತೂತು ಹಾಗೆ ಮುಚ್ಚಲ್ಲ.

ಸೂಜಿ ಮೊಂಡು ತುದಿಯದೇ ಆಗಬೇಕು. ಚೂಪು ಸೂಜಿ ಹಾಕಿದರೆ ಮೊದಲು ಹಾಯ್ದ ದಾರವನ್ನೇ ಚುಚ್ಚುತ್ತದೆ. ಇಲ್ಲಿ ರೆಡ್ಡಿಚ್ ಅಂತ ಊರಿದೆ, ಸೂಜಿಗೇ ಹೆಸರುವಾಸಿ. ಅಲ್ಲಿಯ ಜಾನ್ ಜೇಮ್ಸ್ ಸೂಜಿ ನಮ್ಮಲ್ಲೂ ಆನ್‌ಲೈನ್‌ನಲ್ಲಿ ಸಿಗುತ್ತದೆ. ನಂಬರ್ ದೊಡ್ಡದಾದಷ್ಟೂ ಸೂಜಿ ಸಣ್ಣ, ತಗೊಳ್ಳುವಾಗ ಗಮನಿಸಿ.

ತೊಗಲಿನ ಮನಿ

ನಮಸ್ಕಾರರೀ. ಅಥಣಿ ಕಡೆಯವನು. ನಮ್ಮ ಮನೆತನದ ಕೆಲಸ ಚಪ್ಪಲಿ. ಕೊಲ್ಹಾಪುರಿ ಅಂತ ಜಗತ್ತು ಕರೆಯುವ ಚಪ್ಪಲಿಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕಿತು. ಅದರಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ನಾಲ್ಕೂ ಇವೆ. ಇದನ್ನು ಹೇಳಲೇಬೇಕು ಅನ್ನಿಸಿತು, ಯಾಕೆಂದರೆ ನಮ್ಮಲ್ಲೇ ಬಹಳ ಮಂದಿಗೆ ಗೊತ್ತಿಲ್ಲ.

ಅಕ್ಕಾರೆ, ಸಾಮಾನಿನ ಪಟ್ಟಿ ನೋಡಿ ಗಾಬರಿ ಆಗಬೇಡಿ. ನಮ್ಮ ಮನೆಯಲ್ಲಿ ಇರುವುದು ರಂಪಿಗೆ, ಉಳಿ, ಕೊಡತಿ, ಕೆಳಗೆ ಇಟ್ಟು ಬಡಿಯಲು ಕಲ್ಲು. ಮಾದಾರ ಚೆನ್ನಯ್ಯನವರ ವಚನಗಳ ಅಂಕಿತದಲ್ಲೇ ಕೈಯುಳಿ, ಕತ್ತಿ, ಅಡಿಗೂಂಟ ಬರುತ್ತವೆ. ಅಷ್ಟು ಶತಮಾನದ ಹಿಂದಿನ ಸಾಮಾನು, ಇವತ್ತಿಗೂ ನನ್ನ ಮುಂದೆ ಇವೆ. ಅದನ್ನು ನೆನೆಸಿದಾಗ ನನಗೆ ಈ ಕೆಲಸದ ಮೇಲೆ ಅಭಿಮಾನ ಉಕ್ಕುತ್ತದೆ.

ಒಂದೇ ರಂಪಿಗೆಯಲ್ಲಿ ನಾವು ತೊಗಲು ಕೊಯ್ಯುತ್ತೇವೆ, ಅಂಚು ಹೆರೆಯುತ್ತೇವೆ, ತೆಳು ಮಾಡುತ್ತೇವೆ. ಅದಕ್ಕೆ ಸಾಣೆ ಬೇಕು, ದಿನಾ ಬೇಕು. ನಮ್ಮಪ್ಪ ಬೆಳಗ್ಗೆ ಚಹಾಕ್ಕಿಂತ ಮೊದಲು ಸಾಣೆಕಲ್ಲು ಹಿಡಿಯುತ್ತಿದ್ದರು.

ಲಾಯದ ಅಂಗಳ

ಅಣ್ಣಾ, ನಿಮ್ಮ ಕಡೆಯ ಚರ್ಮವನ್ನೇ ತರಿಸಿ ಬಾರು ಮಾಡಬಹುದಾ? ಇಲ್ಲಿ ಒಂದು ಅಂಗಡಿಯಲ್ಲಿ ತೊಗಟೆ ಹದದ್ದು (ಮರದ ತೊಗಟೆ ಹಾಕಿ ಹದ ಮಾಡಿದ್ದು) ಅಂತ ಹೇಳಿ ಕೊಟ್ಟರು. ಮನೆಗೆ ತಂದು ಕೊಯ್ದರೆ ಒಳಗೆ ನೀಲಿ-ಬೂದಿ ಬಣ್ಣ. ಎಳೆದರೆ ರಬ್ಬರ್ ತರಹ ಹಿಗ್ಗುತ್ತದೆ.

ತೊಗಲಿನ ಮನಿ

ಅದು ಕ್ರೋಮ್ ಹದದ್ದು ಅಕ್ಕಾರೆ, ಅಂದರೆ ಕ್ರೋಮಿಯಂ ಉಪ್ಪು ಹಾಕಿ ಹದ ಮಾಡಿದ್ದು. ಮೇಲೆ ಕಂದು ಬಣ್ಣ ಬಳಿದಿದ್ದಾರೆ, ಅಷ್ಟೇ. ಕೊಯ್ದ ಅಂಚಿನ ನಡುವೆ ನೀಲಿ ಛಾಯೆ ಕಂಡರೆ ಬಹುಮಟ್ಟಿಗೆ ಕ್ರೋಮ್ ಅಂತ ತಿಳಿಯಿರಿ. ಜಾಕೆಟ್‌ಗೆ, ಸೋಫಾಕ್ಕೆ ಅದು ಒಳ್ಳೆಯದೇ, ಬಾರಿಗೆ ಆಗಲ್ಲ. ಸುಟ್ಟು ನೋಡಿ ಪರೀಕ್ಷೆ ಮಾಡಿ ಅಂತ ಕೆಲವರು ಹೇಳುತ್ತಾರೆ. ಮಾಡಬೇಡಿ, ಕ್ರೋಮ್ ಚರ್ಮದ ಹೊಗೆ, ಬೂದಿ ಒಳ್ಳೆಯದಲ್ಲ.

ನಮ್ಮ ತೊಗಲು ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ್ದು. ತೊಗಲನ್ನೇ ಚೀಲದ ಹಾಗೆ ಹೊಲಿದು, ನೇತುಹಾಕಿ, ಒಳಗೆ ತೊಗಟೆ ತುಂಬಿ ನೀರು ಬಿಡುತ್ತಾರೆ. ನೀರು ತೊಗಲಿನ ಮೂಲಕ ಜಿನುಗಿ ಹೊರಗೆ ಬರುತ್ತದೆ. ಕೆಳಗೆ ಬಿದ್ದ ನೀರನ್ನು ಹಿಡಿದು ಮತ್ತೆ ಮೇಲೆ ಹಾಕುತ್ತಾರೆ. ಹಾಗೆ ಹದ ಆದ ಎಮ್ಮೆ ತೊಗಲು ಅಟ್ಟೆಗೆ ಬಂಗಾರ. ಆದರೆ ಪ್ರಾಮಾಣಿಕವಾಗಿ ಹೇಳುತ್ತೇನೆ, ನಿಮ್ಮ ಬಾರಿಗೆ ಇದು ಬೇಡ. ಇದು ಒಣ, ಬಿರುಸು. ಚಪ್ಪಲಿ ಕಾಲಿನ ಕೆಳಗೆ ಇರುವಂಥದ್ದು. ಬಾರು ದಿನಾ ಬಕಲ್‌ನಲ್ಲಿ ಮಡಚಬೇಕು, ಬೆವರು ಕುಡಿಯಬೇಕು.

ಮೈಸೂರು ಜೀನು

ಅಥಣಿಯವರ ಮಾತಿಗೆ ಕೈಮುಗಿದೆ. ತನ್ನ ಮಾಲು ಬೇಡ ಅಂತ ಹೇಳುವವರು ಕಡಿಮೆ.

ಬಾರಿಗೆ ಬೇಕಾದದ್ದು ತೊಗಟೆ ಹದ ಆದ ಮೇಲೆ ಕೊಬ್ಬು, ಎಣ್ಣೆ, ಮೇಣ ಚೆನ್ನಾಗಿ ಉಣಿಸಿದ ಚರ್ಮ. ಬ್ರೈಡಲ್ ಲೆದರ್ ಅಂತ ಕೇಳಿ. ಕಾನ್ಪುರದಲ್ಲಿ ಸಿಗುತ್ತದೆ. ಜೀನು ಮತ್ತು ಕುದುರೆ ಸಾಮಾನಿಗೆ ನಮ್ಮ ದೇಶದಲ್ಲಿ ದೊಡ್ಡ ಊರು ಅದೇ. ದಪ್ಪ ನಾಲ್ಕು ಮಿ.ಮೀ. ಹತ್ತಿರ ಇರಲಿ. ಬೆನ್ನಿನ ಭಾಗದ್ದು, ಬೆನ್ನುಮೂಳೆ ಹೋದ ದಿಕ್ಕಿನಲ್ಲೇ ಉದ್ದಕ್ಕೆ ಕೊಯ್ದದ್ದು ಬೇಕು. ಹೊಟ್ಟೆ ಭಾಗದ್ದು ಅಗ್ಗ, ಆದರೆ ಹಿಗ್ಗುತ್ತದೆ. ನಿಮ್ಮ ಹಳೇ ಬಾರನ್ನು ಮತ್ತೆ ಹೊಲಿಯುವ ಯೋಚನೆ ಬಿಟ್ಟುಬಿಡಿ. ತೂತು ಬಿದ್ದು ಹರಿದ ಬಾರು ಮುಗಿದ ಹಾಗೆ. ಹೊಸ ಬಾರು, ಹೊಸ ನಾರುಪಟ್ಟಿ.

ಈಗ ಹೊಲಿಗೆ. ಇಂಚಿಗೆ ಆರು ಏಳು ಹೊಲಿಗೆ ಸಾಕು. ಜಾಸ್ತಿ ಹಾಕಿದರೆ ಚೆಂದ ಕಾಣುತ್ತದೆ, ಬಲ ಕಡಿಮೆ ಆಗುತ್ತದೆ. ದಾರ ಲಿನನ್ ಆದರೆ ಜೇನುಮೇಣದ ಮೇಲೆ ಮೂರು ನಾಲ್ಕು ಸಲ ಎಳೆದು, ಬೆರಳಲ್ಲಿ ಉಜ್ಜಿ ಬಿಸಿ ಮಾಡಿ. ಮೇಣ ಒಳಗೆ ಇಳಿಯಬೇಕು. ಉದ್ದ ಹೊಲಿಗೆಯ ನಾಲ್ಕರಷ್ಟು ತಗೊಳ್ಳಿ, ಚರ್ಮ ದಪ್ಪ ಇದ್ದರೆ ಇನ್ನೂ ಸ್ವಲ್ಪ.

ಕೈ ಎರಡೂ ಬಿಡುವಾಗಿರಬೇಕು, ಹಾಗಾಗಿ ಚರ್ಮ ಹಿಡಿಯಲು ಮರದ ಇಕ್ಕಳ ಬೇಕು. ತೊಡೆಯ ನಡುವೆ ಇಟ್ಟುಕೊಳ್ಳುವಂಥದ್ದು. ಊರಿನ ಬಡಗಿಗೆ ಹೇಳಿದರೆ ಮಾಡಿಕೊಡುತ್ತಾರೆ. ಉಳಿಯನ್ನು ಬಲಗೈಯಿಂದ ಕೆಳಗಿಡಬೇಡಿ, ಸೂಜಿ ಹಿಡಿದಾಗಲೂ ಅಂಗೈಯಲ್ಲೇ ಇರಲಿ. ಚುಚ್ಚಿ, ಉಳಿ ಹೊರಗೆ ಬರುತ್ತಿದ್ದ ಹಾಗೆ ಎಡಗೈ ಸೂಜಿ ಅದೇ ದಾರಿಯಲ್ಲಿ ಬರಬೇಕು. ಅರ್ಧ ಎಳೆದು, ಆ ದಾರವನ್ನು ಪಕ್ಕಕ್ಕೆ ಹಿಡಿದು, ಬಲಗೈ ಸೂಜಿ ಹಾಕಿ. ಬಲಗೈ ಸೂಜಿ ಅರ್ಧ ಹೋದಾಗ ಮೊದಲ ದಾರವನ್ನು ಹಿಂದಕ್ಕೆ ಎಳೆದು ನೋಡಿ. ಸಲೀಸಾಗಿ ಬಂದರೆ ಚುಚ್ಚಿಲ್ಲ ಅಂತ. ಆಮೇಲೆ ಎರಡೂ ಕೈ ಒಂದೇ ಬಲದಲ್ಲಿ ಎಳೆಯಿರಿ. ಕ್ರಮ ಒಂದು ಸಲವೂ ಬದಲಾಗಬಾರದು. ಬದಲಾದರೆ ಹಿಂಬದಿಯಲ್ಲಿ ಆ ಒಂದು ಹೊಲಿಗೆ ಸೊಟ್ಟಗೆ ಕಾಣುತ್ತದೆ. ಕೊನೆಗೆ ಎರಡು ಮೂರು ಹೊಲಿಗೆ ಹಿಂದಕ್ಕೆ ಬಂದು ಕತ್ತರಿಸಿ.

ಹೊಸ ಕೈ

ಸರ್, ನಾನು ಕೈಯುಳಿ ತಂದು ಒಂದು ವಾರ ಒದ್ದಾಡಿ ಬಿಟ್ಟಿದ್ದೆ. ಒಳಗೇ ಹೋಗುತ್ತಿರಲಿಲ್ಲ. ಹೋದರೂ ಹಿಂದೆ ಎಲ್ಲೆಲ್ಲೋ ಬರುತ್ತಿತ್ತು. ಅದಕ್ಕೇ ಬಡಿಯುವ ಉಳಿ ಹಿಡಿದದ್ದು.

ಮೈಸೂರು ಜೀನು

ಅಂಗಡಿಯಿಂದ ತಂದ ಉಳಿಗೆ ಸಾಮಾನ್ಯವಾಗಿ ಹರಿತ ಇರಲ್ಲಪ್ಪಾ. ತಪ್ಪು ನಿನ್ನದಲ್ಲ. ಡೈಮಂಡ್ ಅಲಗಿಗೆ ನಾಲ್ಕು ಮುಖ ಇರುತ್ತವೆ. ಒಂದೊಂದನ್ನೂ ನುಣುಪು ಕಲ್ಲಿನ ಮೇಲೆ ಚಪ್ಪಟೆಯಾಗಿ ಇಟ್ಟು ಉಜ್ಜು, ಮೂಲೆ ದುಂಡಾಗಬಾರದು. ಆಮೇಲೆ ಒಂದು ತುಂಡು ಚರ್ಮಕ್ಕೆ ಪಾಲಿಶ್ ಮೇಣ ಬಳಿದು ಅದರ ಮೇಲೆ ಎಳಿ. ಕನ್ನಡಿ ತರಹ ಹೊಳೆಯಬೇಕು. ಚುಚ್ಚುವ ಮೊದಲು ಜೇನುಮೇಣದಲ್ಲಿ ಒಮ್ಮೆ ಅದ್ದು. ಎಂಟು ಮಿ.ಮೀ. ಚರ್ಮದಲ್ಲಿ ಕೈ ತಿರುಚದೆ ಹೋದರೆ ಉಳಿ ತಯಾರಾಯಿತು. ಉಳಿ ಸರಿಯಾದರೆ ಅರ್ಧ ಕೆಲಸ ಆದ ಹಾಗೆ. ಮಷಿನ್ ತಗೊಳ್ಳಲಾ ಅಂತ ಕೇಳುವ ಎಲ್ಲರಿಗೂ ನಾನು ಮೊದಲು ಕೇಳುವುದು, ನಿಮ್ಮ ಉಳಿ ಹರಿತ ಇದೆಯಾ ಅಂತ.

ತೊಗಲಿನ ಮನಿ

ಖರೆ ಮಾತು.

ವಾಲ್ಸಾಲ್ ದಾರಿ

ಒಂದು ಸಣ್ಣ ವಿಷಯ ಸೇರಿಸುತ್ತೇನೆ. ಹಿತ್ತಾಳೆ ಬಕಲ್, ತಾಮ್ರದ ರಿವೆಟ್ ಸುತ್ತ ಹಸಿರು ಪಾಚಿ ತರಹ ಕಟ್ಟಿಕೊಳ್ಳುತ್ತದೆ. ಚರ್ಮದ ಕೊಬ್ಬು ತಾಮ್ರದ ಜೊತೆ ಸೇರಿ ಆಗುವುದು ಅದು. ಒರೆಸಿ ತೆಗೆಯುತ್ತಿರಿ. ರಿಕಾಬಿನ ಬಾರುಗಳನ್ನು ಆಗಾಗ ಎಡ-ಬಲ ಅದಲುಬದಲು ಮಾಡಿ. ಎಲ್ಲರೂ ಎಡಗಡೆಯಿಂದ ಹತ್ತುವುದರಿಂದ ಎಡಗಡೆಯದು ಜಾಸ್ತಿ ಹಿಗ್ಗುತ್ತದೆ.

ಹೊಸ ಕೈ

ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ದೊಡ್ಡ ತಲೆನೋವು. ಎಣ್ಣೆ ಜಾಸ್ತಿ ಹಾಕಿದಷ್ಟೂ ಬೂಷ್ಟು ಜಾಸ್ತಿ. ನಾನು ಈಗ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು ಬಿಟ್ಟಿದ್ದೇನೆ. ಹಳೇ ಹತ್ತಿ ಸೀರೆಯಲ್ಲಿ ಸುತ್ತಿ ಗಾಳಿ ಆಡುವ ಕಡೆ ನೇತುಹಾಕುತ್ತೇನೆ.

ಮೈಸೂರು ಜೀನು

ಅದೇ ಸರಿ. ಎಣ್ಣೆ ತೆಳುವಾಗಿ, ಒಳಬದಿಗೆ ಹಾಕಿ. ಜಾಸ್ತಿ ಎಣ್ಣೆ ಕುಡಿದ ಬಾರು ಮೆತ್ತಗಾಗಿ ಹಿಗ್ಗುತ್ತದೆ. ಬಕಲ್ ತೂತುಗಳು ಮೊಟ್ಟೆ ಆಕಾರಕ್ಕೆ ತಿರುಗಿದರೆ ಬಾರಿನ ಆಯುಸ್ಸು ಮುಗಿಯುತ್ತಾ ಬಂತು ಅಂತ ಅರ್ಥ.

ಲಾಯದ ಅಂಗಳ

ಎರಡು ತಿಂಗಳಾಯಿತು, ಬಂದು ಹೇಳಬೇಕಿತ್ತು. ಮಷಿನ್ ತಗೊಳ್ಳಲಿಲ್ಲ. ಬಡಗಿ ಹತ್ತಿರ ಹಲಸಿನ ಮರದ ಇಕ್ಕಳ ಮಾಡಿಸಿದೆ. ಎರಡು ಉಳಿ, ಸೂಜಿ, ಲಿನನ್ ದಾರ, ಮೇಣ ತಂದೆ. ಮೊದಲ ಇಪ್ಪತ್ತು ದಿನ ಬರೀ ತುಂಡು ಚರ್ಮ. ಉಳಿ ಮೂರು ಸಲ ಹರಿತ ಮಾಡಿದ ಮೇಲೆ ಒಂದು ಸಂಜೆ ಸರಕ್ಕನೆ ಒಳಗೆ ಹೋಯಿತು. ಆ ಕ್ಷಣ ಇಕ್ಕಳದಲ್ಲಿದ್ದ ಚರ್ಮವನ್ನು ತಿರುಗಿಸಿ ನೋಡಿದರೆ ಹಿಂಬದಿಯಲ್ಲೂ ಗೆರೆಯ ಮೇಲೇ ಬಂದಿತ್ತು. ಅಷ್ಟು ಖುಷಿ ನನಗೆ ಈಚೆಗೆ ಆಗಿರಲಿಲ್ಲ.

ಆಮೇಲೆ ಕುದುರೆ ಕಟ್ಟುವ ಹಗ್ಗದ ತುದಿ, ತಲೆಪಟ್ಟಿ, ಬೀಳುವ ಭಯ ಇಲ್ಲದ ಸಾಮಾನುಗಳನ್ನು ಹೊಲಿದೆ. ಜೀನನ್ನು ಮಾತ್ರ ಮೈಸೂರಿಗೆ ತಗೊಂಡು ಹೋದೆ. ಸರ್ ಪಕ್ಕ ಎರಡು ದಿನ ಕೂರಿಸಿಕೊಂಡರು. ಐದು ಬಾರು ಅವರೇ ಹೊಲಿದರು, ಆರನೆಯದು ನನ್ನ ಕೈಗೆ ಕೊಟ್ಟರು. ಎರಡೂವರೆ ಇಂಚು ಹೊಲಿಗೆಗೆ ಒಂದು ಗಂಟೆ ಹಿಡಿಯಿತು. ಪ್ರತಿ ಬಾರಿನ ಒಳಬದಿಯಲ್ಲಿ ತಾರೀಕು ಬರೆದಿದ್ದೇನೆ. ಪ್ರತಿ ಸೋಮವಾರ ಎತ್ತಿ ನೋಡುತ್ತೇನೆ. ಬಿದ್ದ ಹುಡುಗಿ ಮತ್ತೆ ಬರುತ್ತಿದ್ದಾಳೆ. ಪಟ್ಟಿ ಕಟ್ಟುವಾಗ ಮೊದಲನೇ ಬಾರು ಹಾಕಿದ್ದೀರಾ ಅಂತ ಅವಳೇ ಕೇಳುತ್ತಾಳೆ.

ಈ ವಾರ ಮನೆಯಲ್ಲಿ ರಿಕಾಬಿನ ಬಾರಿನ ಬಕಲ್ ತುದಿ ಹೊಲಿದೆ. ಇದೇ ಮೊದಲ ಸಲ, ಒಬ್ಬಳೇ. ಫೋಟೋ ಹಾಕಿದ್ದೇನೆ. ಸರ್ ನೋಡಿ ಹೇಳುವವರೆಗೂ ಜೀನಿಗೆ ಹಾಕಲ್ಲ.

ಮೈಸೂರು ಜೀನು

ನೋಡಿದೆ ಅಮ್ಮಾ. ಅಂಚು ಚೆನ್ನಾಗಿ ಉಜ್ಜಿದ್ದೀರಿ. ಬಕಲ್‌ನಿಂದ ಎಣಿಸಿದರೆ ಎಡಸಾಲಿನ ಏಳನೇ ಹೊಲಿಗೆ ಸ್ವಲ್ಪ ಮೇಲೆದ್ದಿದೆ, ಅಲ್ಲಿ ಎಡಗೈ ಎಳೆತ ಕಡಿಮೆ ಆಗಿದೆ. ಅಲ್ಲಿಯವರೆಗೆ ಬಿಚ್ಚಿ, ಅದೇ ತೂತುಗಳಲ್ಲಿ ಹೊಸ ದಾರ ಹಾಕಿ ಮತ್ತೆ ಹೊಲಿಯಿರಿ. ಉಳಿದದ್ದು ಸರಿಯಾಗಿದೆ.